ನಂಬದವರಿಂದ ಸುಳ್ಳು ಹೇಳಿಸಬೇಡಿ: ಕರ್ನಾಟಕದ ಗುರುಗಳಿಗೂ ಸಭಾಪಾಲಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಧರ್ಮಾಧ್ಯಕ್ಷರೇ, ಬಿಷಪರೇ, ಗುರುಗಳೇ, ಸಭಾಪಾಲಕರೇ, ಪಾಲನಾ ಮಂಡಳಿ ಮತ್ತು ಪಾಸ್ಟರೇಟ್ ಕಮಿಟಿಗಳ ಸದಸ್ಯರೇ,

ನಮ್ಮ ಸಭೆಗಳಲ್ಲಿ ದೇವರನ್ನು ನಂಬದವರಿದ್ದಾರೆ. ಅವರು ಹೊರಗಿನಿಂದ ಬಂದವರಲ್ಲ. ನಮ್ಮ ಸಂಡೇ ಸ್ಕೂಲಿನಲ್ಲೇ ಬಾಯಿಪಾಠದ ವಾಕ್ಯ ಒಪ್ಪಿಸಿ ಬಹುಮಾನ ಪಡೆದವರು, ಕ್ವಾಯರಿನಲ್ಲಿ ಹಾಡಿದವರು, ಬಲಿಪೂಜೆಯಲ್ಲಿ (ಮಾಸ್) ಗುರುಗಳ ಪಕ್ಕ ನಿಂತು ಗಂಟೆ ಆಡಿಸಿದವರು. ಈಗ ಅವರು ವಿಶ್ವಾಸಪ್ರಮಾಣ (ನಂಬಿಕೆಯ ಘೋಷಣೆ) ಹೇಳುವ ಹೊತ್ತಿಗೆ ಎಲ್ಲರೊಡನೆ ಎದ್ದು ನಿಂತು ತುಟಿ ಮಾತ್ರ ಆಡಿಸುತ್ತಾರೆ. ಅವರ ತಾಯಿಗೆ ಅದು ಗೊತ್ತು. ಬಹಳ ಸಲ ನಿಮಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

ಶಿಲುಬೆಯಲ್ಲಿ ಸತ್ತು ಮೂರನೆಯ ದಿನ ಎದ್ದ ಯೇಸುಸ್ವಾಮಿಯನ್ನು ನಾನು ನಂಬಿದ್ದೇನೆ. ದೇವರಿಲ್ಲ ಎನ್ನುವವರು ತಪ್ಪು ಎಂದೇ ನನ್ನ ನಿಲುವು. ಹಾಗಾಗಿ ನಾಸ್ತಿಕತೆಯನ್ನು ಒಪ್ಪಿಕೊಳ್ಳಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ನಾನು ಕೇಳುತ್ತಿರುವುದು ಬೇರೆ: ಜ್ಞಾನಸ್ನಾನದಲ್ಲಿ (ಬ್ಯಾಪ್ಟಿಸಂ), ದೃಢೀಕರಣದಲ್ಲಿ (ಕನ್‌ಫರ್ಮೇಶನ್), ಮದುವೆಯಲ್ಲಿ, ಸಾವಿನಲ್ಲಿ ನಂಬದವರ ಬಾಯಿಂದ ನಾವೇ ಸುಳ್ಳು ಹೇಳಿಸುತ್ತಿದ್ದೇವಲ್ಲ, ಅದನ್ನು ನಿಲ್ಲಿಸಿ. ಹೌದಾದರೆ ಹೌದೆನ್ನಿ, ಅಲ್ಲವಾದರೆ ಅಲ್ಲವೆನ್ನಿ ಎಂದು ಮತ್ತಾಯನ 5ನೇ ಅಧ್ಯಾಯದಲ್ಲಿ ಕಲಿಸಿದ ದೇವರ ಮುಂದೆಯೇ ಈ ಸುಳ್ಳು ನಡೆಯುತ್ತಿದೆ. ಇದನ್ನು ನಿಲ್ಲಿಸಲು ಹೊಸ ನಿಯಮಗಳು ಬೇಕಿಲ್ಲ. ಬೇಕಾದ ದಾರಿಗಳಲ್ಲಿ ಹೆಚ್ಚಿನವು ನಮ್ಮ ಧರ್ಮಸಭೆಯ ಕಾನೂನಿನಲ್ಲೂ ದೇಶದ ಕಾನೂನಿನಲ್ಲೂ ಆಗಲೇ ಇವೆ. ಅವನ್ನು ಬಳಸುವವರಿಲ್ಲ, ಅಷ್ಟೆ.

ಮೊದಲು ವೇದಿಕೆಯ ಮಾತು. ನಾಸ್ತಿಕರ ಬಗ್ಗೆ ಪ್ರಸಂಗ ಮಾಡುವಾಗ ನಾವು ಥಟ್ಟನೆ ತೆರೆಯುವುದು 14ನೇ ಕೀರ್ತನೆಯನ್ನು. ದೇವರಿಲ್ಲ ಎಂದುಕೊಳ್ಳುವವನು ಮೂರ್ಖ ಎಂಬ ಮೊದಲ ಸಾಲು ಓದಿ ಪುಸ್ತಕ ಮುಚ್ಚುತ್ತೇವೆ. ದಯವಿಟ್ಟು ಮುಂದಕ್ಕೂ ಓದಿ. ಆ ಮೂರ್ಖರು ಯಾರೆಂದು ನಾಲ್ಕನೆಯ ಮತ್ತು ಆರನೆಯ ವಚನಗಳು ಹೇಳುತ್ತವೆ: ಜನರನ್ನು ರೊಟ್ಟಿ ತಿನ್ನುವಂತೆ ತಿನ್ನುವವರು, ಬಡವನ ಆಲೋಚನೆಯನ್ನು ಕೆಡಿಸುವವರು. ತನ್ನ ಮೇಲೆ ವಿಚಾರಣೆಗೆ ಯಾರೂ ಇಲ್ಲ ಎಂಬ ಧೈರ್ಯದಲ್ಲಿ ಬಡವರನ್ನು ಸುಲಿಯುವವನ ಮೇಲೆ ಆ ಕೀರ್ತನೆಯ ಕೋಪ. ವಿಕಾಸವಾದ ಓದಿ ಗೊಂದಲಕ್ಕೆ ಬಿದ್ದ ಪಿಯುಸಿ ಹುಡುಗಿಯ ಮೇಲೆ ಅಲ್ಲ. ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂತು, ಮನೆಗೆಲಸದವರ ಸಂಬಳ ಹಿಡಿದಿಟ್ಟುಕೊಳ್ಳುವ ವಿಶ್ವಾಸಿಗೆ ಆ ಕೀರ್ತನೆ ಹೆಚ್ಚು ಹತ್ತಿರ.

ಎರಡನೆಯ ಶತಮಾನದಲ್ಲಿ ನಾಸ್ತಿಕರೆಂಬ ಆರೋಪ ನಮ್ಮ ಮೇಲೆಯೇ ಇತ್ತು. ರೋಮ್ ಸಾಮ್ರಾಜ್ಯದ ದೇವತೆಗಳಿಗೆ ಧೂಪ ಹಾಕಲು ಒಪ್ಪದ ಕ್ರೈಸ್ತರನ್ನು ಜನ ದೇವರಿಲ್ಲದವರೆಂದು ಕರೆದರು. ಸ್ಮುರ್ನದ ವೃದ್ಧ ಬಿಷಪ್ ಪೊಲಿಕಾರ್ಪನನ್ನು ಕ್ರೀಡಾಂಗಣಕ್ಕೆ ಎಳೆತಂದಾಗ, ನಾಸ್ತಿಕರು ತೊಲಗಲಿ ಎಂದು ಕೂಗು, ಬಿಟ್ಟುಬಿಡುತ್ತೇವೆ ಎಂದು ಅಧಿಕಾರಿ ಹೇಳಿದ. ಅಲ್ಲಿ ನಾಸ್ತಿಕರು ಎಂದರೆ ಕ್ರೈಸ್ತರು. ಊರು ಒಪ್ಪಿದ್ದನ್ನು ಬಾಯಿಮಾತಿಗೂ ಹೇಳಲಾರೆ ಎಂದು ಪ್ರಾಣ ಕೊಟ್ಟವರ ವಂಶ ನಮ್ಮದು. ನಂಬದೆ ಹೇಳಲಾರೆ ಎನ್ನುವ ಇಂದಿನ ಯುವಕನಲ್ಲಿ ಆ ನೇರತನದ ಒಂದು ಅಂಶವನ್ನಾದರೂ ನಾವು ಗುರುತಿಸಬೇಕು.

ಭಾರತದಲ್ಲಿ ಪವಾಡಗಳನ್ನು ಬಯಲು ಮಾಡಿದವರಲ್ಲಿ ಅತಿ ಹೆಸರಾದ ಅಬ್ರಹಾಂ ಕೋವೂರ್ ಹುಟ್ಟಿದ್ದು ಎಲ್ಲಿ? 1898ರಲ್ಲಿ, ಕೇರಳದ ತಿರುವಲ್ಲದಲ್ಲಿ, ಮಾರ್ ತೋಮಾ ಸಭೆಯ ಪಾದ್ರಿಯ ಮನೆಯಲ್ಲಿ. ತಂದೆ ಆ ಸಭೆಯ ವಿಕಾರ್ ಜನರಲ್ ಆಗಿದ್ದವರು. ಮಗ ಶ್ರೀಲಂಕಾದಲ್ಲಿ ವಿಜ್ಞಾನ ಕಲಿಸುತ್ತ, ಜೀವಮಾನವಿಡೀ ದೇವಮಾನವರಿಗೆ ಸವಾಲೆಸೆದು, 1978ರಲ್ಲಿ ತೀರಿಕೊಂಡಾಗ ದೇಹವನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಬಿಟ್ಟುಹೋದರು. ನಾಸ್ತಿಕತೆ ಪಾಶ್ಚಾತ್ಯ ಸಿನಿಮಾದಿಂದಲೋ ಮೊಬೈಲಿನಿಂದಲೋ ಬಂದ ರೋಗ ಎಂದು ಪ್ರಸಂಗ ಮಾಡುವ ಮೊದಲು ಈ ಮನೆಯನ್ನು ನೆನೆಯೋಣ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಇದನ್ನು ನೇರವಾಗಿಯೇ ಹೇಳಿದೆ. ಆಧುನಿಕ ಲೋಕದಲ್ಲಿ ಧರ್ಮಸಭೆ ಎಂಬ ಆ ಮಹಾಸಭೆಯ ದಾಖಲೆಯ 19ನೇ ಪರಿಚ್ಛೇದದ ಪ್ರಕಾರ ನಾಸ್ತಿಕತೆ ಹುಟ್ಟುವುದರಲ್ಲಿ ವಿಶ್ವಾಸಿಗಳ ಪಾಲು ಸಣ್ಣದಲ್ಲ. ಕಲಿಕೆಯ ಅಸಡ್ಡೆ, ತಪ್ಪು ಬೋಧನೆ, ಬದುಕಿನ ದೋಷ ಇವುಗಳಿಂದ ನಾವು ದೇವರ ಮುಖವನ್ನು ತೋರಿಸುವ ಬದಲು ಮರೆಮಾಡುತ್ತೇವೆ.

ಇನ್ನು ದಿನನಿತ್ಯದ ವ್ಯವಹಾರಕ್ಕೆ ಬರುತ್ತೇನೆ.

ಸುಳ್ಳು ಶುರುವಾಗುವುದು ನಿಮ್ಮ ಕಚೇರಿಯ ಲೆಟರ್‌ಹೆಡ್ಡಿನಿಂದ. ನಮ್ಮ ಸಂಸ್ಥೆಗಳಲ್ಲಿ ಕ್ರೈಸ್ತ ಕೋಟಾದ ಸೀಟಿಗೆ ಧರ್ಮಕೇಂದ್ರದ ಪತ್ರ ಬೇಕು. ಮದುವೆಗೆ ಪತ್ರ ಬೇಕು, ಸಮಾಧಿಭೂಮಿಯಲ್ಲಿ ಜಾಗಕ್ಕೂ ಬೇಕು. ಆ ಪತ್ರ ಕೊಡುವಾಗ ಹಾಜರಿ, ಬಾಕಿ ಚಂದಾ, ವಾರ್ಡ್ ಪ್ರಾರ್ಥನೆಗೆ ಬಂದದ್ದು ಬಾರದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ. ನಂಬಿಕೆ ರೇಷನ್ ಕಾರ್ಡಿನಂತಾದ ಮೇಲೆ ಯಾರು ತಾನೇ ನಿಜ ಹೇಳಿ ಅದನ್ನು ಕಳೆದುಕೊಳ್ಳುತ್ತಾರೆ? ಪರಿಹಾರ ಸರಳ. ಪತ್ರದಲ್ಲಿ ರಿಜಿಸ್ಟರಿನಲ್ಲಿ ಇರುವುದನ್ನು ಮಾತ್ರ ಬರೆಯಿರಿ: ಜ್ಞಾನಸ್ನಾನದ ದಿನಾಂಕ, ದಾಖಲೆಯ ಸಂಖ್ಯೆ, ಕುಟುಂಬ ಯಾವ ವರ್ಷದಿಂದ ಈ ಸಭೆಯದು ಎಂಬುದು. ಅಲ್ಪಸಂಖ್ಯಾತ ಹಕ್ಕು ಒಂದು ಸಮುದಾಯದ ಹಕ್ಕು. ಹದಿನೇಳರ ಹುಡುಗನ ಭಕ್ತಿಯನ್ನು ಅಳೆದು ಸಹಿ ಹಾಕುವ ಕೆಲಸವನ್ನು ಆ ಹಕ್ಕು ಕೇಳುವುದಿಲ್ಲ. ಚಂದಾ ಬಾಕಿಯನ್ನು ಬೇರೆ ದಾರಿಯಲ್ಲಿ ವಸೂಲಿ ಮಾಡಿಕೊಳ್ಳಿ.

ಜ್ಞಾನಸ್ನಾನ, ಅಥವಾ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಹೇಳುವಂತೆ ದೀಕ್ಷಾಸ್ನಾನ. ತಂದೆಯೋ ತಾಯಿಯೋ ಒಬ್ಬರು ನಂಬುವುದಿಲ್ಲ, ಇನ್ನೊಬ್ಬರಿಗೆ ಮಗುವಿಗೆ ಜ್ಞಾನಸ್ನಾನ ಆಗಬೇಕು. ಸಾಮಾನ್ಯವಾಗಿ ಏನಾಗುತ್ತದೆ? ನಂಬದವರು ಮನೆಯ ಶಾಂತಿಗಾಗಿ ಪೀಠದ ಮುಂದೆ ನಿಂತು, ಸೈತಾನನನ್ನು ತ್ಯಜಿಸುತ್ತೇನೆ, ಸರ್ವಶಕ್ತ ಪಿತನನ್ನು ವಿಶ್ವಾಸಿಸುತ್ತೇನೆ ಎಂದು ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಡುತ್ತಾರೆ. ಇದರ ಅಗತ್ಯವೇ ಇಲ್ಲ. ಕಥೋಲಿಕ ಧರ್ಮಸಭೆಯ ಮಕ್ಕಳ ಜ್ಞಾನಸ್ನಾನ ವಿಧಿಯ ಮುನ್ನುಡಿಯೇ ಹೇಳುತ್ತದೆ: ವಿಶ್ವಾಸವನ್ನು ಪ್ರಕಟಿಸಲಾಗದ ತಂದೆ ಅಥವಾ ತಾಯಿ ಆ ಹೊತ್ತಿನಲ್ಲಿ ಮೌನವಾಗಿರಬಹುದು; ಮಗುವನ್ನು ವಿಶ್ವಾಸದಲ್ಲಿ ಬೆಳೆಸಲು ಅವರು ಏರ್ಪಾಡು ಮಾಡಿದರೆ, ಅಥವಾ ಕನಿಷ್ಠ ಅನುಮತಿ ಕೊಟ್ಟರೆ ಸಾಕು. ಕ್ಯಾನನ್ ಕಾನೂನು ಎಂಬ ಕಥೋಲಿಕ ಧರ್ಮಸಭೆಯ ನಿಯಮಾವಳಿಯ 868ನೇ ನಿಯಮಕ್ಕೂ ಬೇಕಾದುದು ಕನಿಷ್ಠ ಒಬ್ಬ ಪಾಲಕರ ಒಪ್ಪಿಗೆ ಮತ್ತು ಮಗು ವಿಶ್ವಾಸದಲ್ಲಿ ಬೆಳೆಯುತ್ತದೆಂಬ ಆಧಾರವಿರುವ ಭರವಸೆ. ಆ ಭರವಸೆ ಸಂಪೂರ್ಣ ಇಲ್ಲವಾದರೆ ಜ್ಞಾನಸ್ನಾನವನ್ನು ಮುಂದೂಡಬೇಕು, ಕಾರಣವನ್ನು ಪಾಲಕರಿಗೆ ತಿಳಿಸಬೇಕು. ಮುಂದೂಡುವುದು, ನಿರಾಕರಿಸುವುದಲ್ಲ.

ಗಟ್ಟಿಯಾಗಿ ನಿಲ್ಲಬೇಕಾದದ್ದು ಮಗುವಿನ ವಿಶ್ವಾಸಕ್ಕೆ ಹೊಣೆ ನಿಲ್ಲುವ ಜ್ಞಾನತಂದೆ ಜ್ಞಾನತಾಯಿಯರ ವಿಷಯದಲ್ಲಿ. ಅಲ್ಲೇ ನಾವು ಸಡಿಲ. ದುಬೈಯಲ್ಲಿ ಒಳ್ಳೆಯ ಕೆಲಸದಲ್ಲಿರುವ ಮಾವ, ಕೈತುಂಬ ಉಡುಗೊರೆ ತರುವ ಅತ್ತೆ ಎಂದು ಆಯ್ಕೆ ನಡೆಯುತ್ತದೆ. 873 ಮತ್ತು 874ನೇ ನಿಯಮಗಳ ಪ್ರಕಾರ ಒಬ್ಬ ಜ್ಞಾನತಂದೆ ಅಥವಾ ಒಬ್ಬ ಜ್ಞಾನತಾಯಿ ಇದ್ದರೂ ಸಾಕು, ಇಬ್ಬರಿದ್ದರೂ ಸರಿ. ಆದರೆ 16 ವರ್ಷ ತುಂಬಿರಬೇಕು, ದೃಢೀಕರಣ ಪಡೆದಿರಬೇಕು, ಕೈಗೊಳ್ಳುವ ಹೊಣೆಗೆ ಹೊಂದುವಂತೆ ವಿಶ್ವಾಸದ ಬದುಕು ಬದುಕುತ್ತಿರಬೇಕು. ನಂಬದ ಚಿಕ್ಕಪ್ಪ ಆ ಸಾಲಿನಲ್ಲಿ ನಿಲ್ಲಬೇಕಿಲ್ಲ. ಅವನಿಗೆ ಮಗುವನ್ನು ಎತ್ತಿಕೊಂಡು ಬರುವ ಗೌರವ ಕೊಡಿ, ಊಟದ ಹೊಣೆ ಕೊಡಿ. ಯಾರೂ ಅವಮಾನಪಡಬೇಕಾಗಿಲ್ಲ.

ಅತಿ ಹೆಚ್ಚು ಹಾನಿಯಾಗುತ್ತಿರುವುದು ದೃಢೀಕರಣದಲ್ಲಿ. ಸಿರೋ ಮಲಬಾರಿನಂಥ ಪೂರ್ವ ವಿಧಿಯ ಸಭೆಗಳಲ್ಲಿ ಇದು ಶಿಶುವಿನ ಜ್ಞಾನಸ್ನಾನದ ಜೊತೆಗೇ ಮುಗಿಯುವುದರಿಂದ ಅವರನ್ನು ಬಿಟ್ಟು ಹೇಳುತ್ತೇನೆ. ಉಳಿದಂತೆ ಹದಿಮೂರರಿಂದ ಹದಿನಾರರ ನಡುವಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಿಮ್ಮ ಪಾಲಕರು ನಿಮ್ಮ ಪರವಾಗಿ ಕೊಟ್ಟ ಮಾತನ್ನು ಈಗ ನೀವೇ ಸ್ವಂತವಾಗಿ ಒಪ್ಪುತ್ತೀರೋ ಎಂದು ಕೇಳುತ್ತೇವೆ. ಕೇಳುವ ಪ್ರಶ್ನೆ ಎಂದಮೇಲೆ ಇಲ್ಲ ಎಂಬ ಉತ್ತರಕ್ಕೂ ದಾರಿ ಇರಬೇಕು. ಈಗ ಇಲ್ಲ. ಕೆಲಸ ನಡೆಯುವ ಕ್ರಮವೇ ಆ ದಾರಿಯನ್ನು ಮುಚ್ಚುತ್ತದೆ. ಮೊದಲು ಬಿಷಪರ ದಿನಾಂಕ ಸಿಗುತ್ತದೆ. ಆಮೇಲೆ ಹಾಲ್ ಬುಕ್ಕಾಗುತ್ತದೆ, ಬಿಳಿ ಬಟ್ಟೆ ಹೊಲಿಸುತ್ತಾರೆ, ನೆಂಟರಿಗೆ ಫೋನು ಹೋಗುತ್ತದೆ, ಫೋಟೋಗ್ರಾಫರನಿಗೆ ಮುಂಗಡ ಕೊಡುತ್ತಾರೆ. ಇಷ್ಟಾದ ಮೇಲೆ ಕೊನೆಯ ವಾರ ಸಭಾಪಾಲಕರು ಮಕ್ಕಳನ್ನು ಒಟ್ಟಿಗೆ ಕೂರಿಸಿ, ಎಲ್ಲರೂ ಸಿದ್ಧ ತಾನೇ ಎಂದು ಕೇಳುತ್ತಾರೆ. ಆ ಹೊತ್ತಿಗೆ ಯಾವ ಮಗು ಕೈ ಎತ್ತುತ್ತದೆ?

ಕ್ರಮವನ್ನು ತಿರುಗಿಸಿ. ದಿನಾಂಕಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ, ಬಟ್ಟೆ ಹಾಲ್ ಯಾವುದೂ ಆಗುವ ಮುನ್ನ, ಪ್ರತಿ ಮಗುವಿನ ಜೊತೆ ಬೇರೆಬೇರೆಯಾಗಿ ಇಪ್ಪತ್ತು ನಿಮಿಷ ಮಾತನಾಡಿ. ತಂದೆತಾಯಿ ಜೊತೆಯಲ್ಲಿ ಬೇಡ. ಆದರೆ ಮುಚ್ಚಿದ ಕೋಣೆಯೂ ಬೇಡ. ಇನ್ನೊಬ್ಬ ಶಿಕ್ಷಕರ ಕಣ್ಣಿಗೆ ಕಾಣುವ, ಮಾತು ಮಾತ್ರ ಕೇಳಿಸದ ಜಾಗ ಸಾಕು. ನಂಬುತ್ತೀಯಾ ಎಂದು ನೇರ ಕೇಳಿದರೆ ಮಗು ಹೌದೆಂದೇ ಹೇಳುತ್ತದೆ. ಬದಲಿಗೆ, ವಿಶ್ವಾಸಪ್ರಮಾಣದಲ್ಲಿ ನಿನಗೆ ಹೇಳಲು ಕಷ್ಟವಾಗುವ ಸಾಲು ಯಾವುದು ಎಂದು ಕೇಳಿ. ಕನ್ಯೆಯಲ್ಲಿ ಹುಟ್ಟಿದ್ದು ಎನ್ನುವ ಮಗು ಒಂದು ಬಗೆ, ಪ್ರಾರ್ಥಿಸಿದರೂ ಅಜ್ಜ ಸತ್ತರು ಎನ್ನುವ ಮಗು ಇನ್ನೊಂದು ಬಗೆ. ಮೊದಲನೆಯದಕ್ಕೆ ಪಾಠ ಬೇಕು. ಎರಡನೆಯದಕ್ಕೆ ಪಾಠ ಬೇಡ, ಜೊತೆ ಬೇಕು. ಇವೆರಡನ್ನೂ ಒಂದೇ ಔಷಧಿಯಿಂದ ವಾಸಿಮಾಡಲು ಹೊರಡುವುದರಿಂದಲೇ ಬಹಳ ಮಕ್ಕಳನ್ನು ಕಳೆದುಕೊಂಡಿದ್ದೇವೆ ಎಂದು ನನ್ನ ಅನಿಸಿಕೆ.

ಈ ಮಾತುಕತೆಗಳು ಮುಗಿದ ಮೇಲೆಯೇ ಹೆಸರಿನ ಪಟ್ಟಿ ಮಾಡಿ. ಮುಂದಿನ ವರ್ಷಕ್ಕೆ ಬಿಟ್ಟವರ ಹೆಸರು ಹೊರಗೆ ಹೋಗದಿರಲಿ. ತರಗತಿಗೆ ಬಂದವರೆಲ್ಲ ದೃಢೀಕರಣ ಪಡೆಯಲೇಬೇಕು ಎಂಬ ನಿಯಮ ಬೇಡ, ಮತ್ತು ಇದನ್ನು ತರಗತಿಯ ಮೊದಲ ದಿನವೇ ಪಾಲಕರ ಎದುರು ಹೇಳಿಬಿಡಿ. ಪಾಲಕರು ಸಿಟ್ಟಾಗುತ್ತಾರೆ. ಆ ಸಿಟ್ಟನ್ನು ನೀವು ಹೊರಬೇಕು, ಮಗುವಿನ ಮೇಲೆ ಬೀಳಲು ಬಿಡಬಾರದು. ದ್ರಾಕ್ಷಿತೋಟಕ್ಕೆ ಹೋಗುವುದಿಲ್ಲ ಎಂದು ಹೇಳಿ ಆಮೇಲೆ ಹೋದ ಮಗನನ್ನೂ, ಹೋಗುತ್ತೇನಪ್ಪಾ ಎಂದು ಹೇಳಿ ಹೋಗದೆ ಉಳಿದ ಮಗನನ್ನೂ ಯೇಸುಸ್ವಾಮಿ ಮತ್ತಾಯನ 21ನೇ ಅಧ್ಯಾಯದಲ್ಲಿ ಪಕ್ಕಪಕ್ಕ ನಿಲ್ಲಿಸುತ್ತಾರೆ. ನಮ್ಮ ದೃಢೀಕರಣದ ಸಾಲುಗಳು ಎರಡನೆಯ ಮಗನಂಥವರನ್ನೇ ತಯಾರಿಸುತ್ತಿವೆ.

ಮದುವೆ. ಇಲ್ಲಿ ತಪ್ಪು ಮಾಹಿತಿಯೇ ದೊಡ್ಡ ಕಾಟ. ಮೊದಲನೆಯ ತಪ್ಪು: ನಂಬದ ಸಂಗಾತಿ ಮಕ್ಕಳನ್ನು ಕ್ರೈಸ್ತರಾಗಿ ಬೆಳೆಸುತ್ತೇನೆಂದು ಬರೆದುಕೊಡಬೇಕು ಎಂಬುದು. ಕಥೋಲಿಕ ಕಾನೂನಿನ 1125ನೇ ನಿಯಮದ ಪ್ರಕಾರ ಮಾತು ಕೊಡಬೇಕಾದವರು ವಿಶ್ವಾಸಿಯಾದ ಕಥೋಲಿಕರು: ತನ್ನ ವಿಶ್ವಾಸಕ್ಕೆ ಬರುವ ಅಪಾಯಗಳನ್ನು ದೂರವಿಡುತ್ತೇನೆ, ಮಕ್ಕಳ ಜ್ಞಾನಸ್ನಾನ ಮತ್ತು ಬೆಳವಣಿಗೆಗೆ ಕೈಲಾದಷ್ಟು ಮಾಡುತ್ತೇನೆ ಎಂದು. ಇನ್ನೊಬ್ಬರಿಗೆ ಈ ಮಾತು ಕೊಟ್ಟಿರುವುದನ್ನು ತಿಳಿಸಬೇಕು, ಅಷ್ಟೇ. ಅವರ ಸಹಿ ಬೇಕೆಂದು ನಿಯಮ ಹೇಳುವುದಿಲ್ಲ. ಜ್ಞಾನಸ್ನಾನ ಪಡೆದು ಆಮೇಲೆ ವಿಶ್ವಾಸವನ್ನು ಬಹಿರಂಗವಾಗಿ ಬಿಟ್ಟವರ ಮದುವೆಗೂ 1071ನೇ ನಿಯಮ ದಾರಿ ಇಟ್ಟಿದೆ: ಬಿಷಪರ ಅನುಮತಿ ಮತ್ತು ಇದೇ ಬಗೆಯ ಮಾತು. ಅಂದರೆ ಸಂಗಾತಿ ನಾಸ್ತಿಕ ಎಂದು ನಿಮ್ಮ ಮುಂದೆ ನಿಜ ಹೇಳಿದ ಜೋಡಿಗೆ ಬಾಗಿಲು ಮುಚ್ಚಬೇಕಿಲ್ಲ. ಒಂದು ಅರ್ಜಿ ಬರೆಯಬೇಕು. ಆ ಅರ್ಜಿಗೆ ಸೋಮಾರಿತನ ಮಾಡಿ, ಸುಮ್ಮನೆ ಕಥೋಲಿಕ ಎಂದೇ ಬರೆದುಬಿಡಿ ಎಂದು ಹೇಳುವುದು ನಡೆಯುತ್ತದೆ. ದಯವಿಟ್ಟು ಹಾಗೆ ಹೇಳಬೇಡಿ.

ಇಬ್ಬರಲ್ಲಿ ಒಬ್ಬರಿಗೆ ಚರ್ಚಿನ ಪ್ರತಿಜ್ಞೆ ಸಾಧ್ಯವೇ ಇಲ್ಲ ಎಂದಾದರೆ? 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 60ನೇ ಕಲಮಿನ ಪ್ರತಿಜ್ಞೆಯಲ್ಲಿ ಸರ್ವಶಕ್ತ ದೇವರ ಸನ್ನಿಧಿಯಲ್ಲಿ, ಕರ್ತನಾದ ಯೇಸುಕ್ರಿಸ್ತನ ಹೆಸರಿನಲ್ಲಿ ಎಂಬ ಮಾತಿದೆ. ನಂಬದವರಿಂದ ಅದನ್ನು ಹೇಳಿಸುವುದಕ್ಕಿಂತ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಪ್ರಾಮಾಣಿಕ. ಅದರ ನಡೆ ಹೀಗೆ: ಇಬ್ಬರಲ್ಲಿ ಒಬ್ಬರಾದರೂ ಹಿಂದಿನ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು, ನೋಟಿಸನ್ನು ಕಚೇರಿಯಲ್ಲಿ ಅಂಟಿಸುತ್ತಾರೆ, ಆಕ್ಷೇಪಕ್ಕೆ 30 ದಿನ, ಅದಾದ ಮೇಲೆ ಮೂವರು ಸಾಕ್ಷಿಗಳ ಎದುರು ಘೋಷಣೆ. ಎಡವುವುದು ಎರಡು ಕಡೆ. ವಾಸದ ದಾಖಲೆ ಬೇರೆ ಜಿಲ್ಲೆಯದಾಗಿರುವುದು ಒಂದು. ನೋಟಿಸ್ ಕೊಟ್ಟು ಮೂರು ತಿಂಗಳು ದಾಟಿಸಿಬಿಡುವುದು ಇನ್ನೊಂದು. ದಾಟಿದರೆ ಹೊಸ ನೋಟಿಸಿನಿಂದ ಮತ್ತೆ ಶುರು. ಆದ್ದರಿಂದ ಮದುವೆಗೆ ಎರಡು ತಿಂಗಳು ಮೊದಲು ನೋಟಿಸ್ ಕೊಡುವುದು ಒಳ್ಳೆಯದು. ಆಸ್ತಿ ಹೋಗುತ್ತದೆ ಎಂದು ಮನೆಯವರು ಹೆದರಿಸುತ್ತಾರೆ. ಈ ಕಾಯ್ದೆಯಡಿ ಮದುವೆಯಾದವರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ನಮ್ಮ ಕ್ರೈಸ್ತ ಮನೆಗಳ ಆಸ್ತಿ ಹಂಚಿಕೆ ಸಾಮಾನ್ಯವಾಗಿ ನಡೆಯುವುದೂ ಅದರಡಿಯಲ್ಲೇ.

ಕಥೋಲಿಕರಿಗೆ ಇಲ್ಲೊಂದು ತೊಡಕಿದೆ, ಅದನ್ನು ಮುಂಚೆಯೇ ಬಿಡಿಸಿ ಹೇಳಿ. ಬಿಷಪರಿಂದ ಕ್ರಮದ ವಿನಾಯಿತಿ (ಚರ್ಚಿನ ವಿಧಿಯಂತೆ ಮದುವೆಯಾಗಬೇಕೆಂಬ ನಿಯಮದಿಂದ ಬಿಡುಗಡೆ) ಪಡೆಯದೆ ರಿಜಿಸ್ಟ್ರಾರ್ ಕಚೇರಿಯಲ್ಲಷ್ಟೇ ಮದುವೆಯಾದರೆ ಧರ್ಮಸಭೆ ಅದನ್ನು ಸಿಂಧುವೆಂದು ಎಣಿಸುವುದಿಲ್ಲ, ವಿಶ್ವಾಸಿಯಾದ ಸಂಗಾತಿ ಪರಮಪ್ರಸಾದದಿಂದ (ಬಲಿಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಯಿಂದ) ದೂರ ಉಳಿಯಬೇಕಾಗುತ್ತದೆ. ಆಗಲೇ ಹಾಗೆ ಮದುವೆಯಾದವರಿಗೂ ದಾರಿಯಿದೆ. 1161ನೇ ನಿಯಮದಡಿ ಬಿಷಪರು ಮದುವೆಯನ್ನು ಬುಡದಿಂದಲೇ ಸಿಂಧುಗೊಳಿಸಬಹುದು. ಇಬ್ಬರ ಒಪ್ಪಿಗೆ ಮುಂದುವರಿದಿದ್ದರೆ ಸಾಕು, ಪ್ರತಿಜ್ಞೆಯನ್ನು ಮತ್ತೆ ಹೇಳಬೇಕಿಲ್ಲ. ನಂಬದ ಗಂಡ ಚರ್ಚಿಗೆ ಬಂದು ಮಾತು ಹೇಳಲಾರೆ ಎಂದದ್ದಕ್ಕೆ ಹೆಂಡತಿ ವರ್ಷಗಟ್ಟಲೆ ಪರಮಪ್ರಸಾದವಿಲ್ಲದೆ ಕೂರುವ ಮನೆಗಳು ನಮ್ಮಲ್ಲಿವೆ. ಅವರಿಗೆ ಈ ನಿಯಮವನ್ನು ಯಾರೂ ಹೇಳಿರುವುದಿಲ್ಲ. ಇದನ್ನು ಹೇಳದಿರುವುದು ನಿರ್ದಯೆ.

1872ರಲ್ಲೇ ಬಂದ ಹಳೆಯ ವಿಶೇಷ ವಿವಾಹ ಕಾಯ್ದೆ, ತಾನು ಹಿಂದೂ ಅಲ್ಲ, ಕ್ರೈಸ್ತ ಅಲ್ಲ, ಮುಸ್ಲಿಂ ಅಲ್ಲ ಎಂದು ಘೋಷಿಸಿದವರಿಗೆ ಮಾತ್ರ ಮದುವೆ ಮಾಡಿಸುತ್ತಿತ್ತು. ಮದುವೆಗಾಗಿ ಜನ ನಂಬಿದ್ದನ್ನು ನಂಬುವುದಿಲ್ಲ ಎಂದು ಬರೆದುಕೊಟ್ಟರು. ಅಂಥ ಕಟ್ಟಳೆಯನ್ನು ಸ್ವತಂತ್ರ ಭಾರತ ಕೈಬಿಟ್ಟಿತು. ನಾವು ಅದನ್ನೇ ತಿರುವುಮುರುವಾಗಿ ಇಟ್ಟುಕೊಂಡಿದ್ದೇವೆ.

ಸಾವಿನ ಮನೆಯಲ್ಲಿ ಸಮಯ ಇರುವುದಿಲ್ಲ, ಆದ್ದರಿಂದ ಜಗಳ ಜಾಸ್ತಿ. 1184ನೇ ನಿಯಮ ಅಂತ್ಯಸಂಸ್ಕಾರ ನಿರಾಕರಿಸುವುದು, ಸಾಯುವ ಮುನ್ನ ಪಶ್ಚಾತ್ತಾಪದ ಯಾವ ಗುರುತೂ ತೋರದ, ಎಲ್ಲರಿಗೂ ಗೊತ್ತಿರುವಂತೆ ವಿಶ್ವಾಸ ತ್ಯಜಿಸಿದವರಿಗೆ. ಹತ್ತು ವರ್ಷ ಪೂಜೆಗೆ ಬಾರದವರು ಈ ಪಟ್ಟಿಗೆ ಬರುವುದಿಲ್ಲ. ಸಂಶಯವಿದ್ದರೆ ಬಿಷಪರನ್ನು ಕೇಳಿ ಎಂದೂ ಅದೇ ನಿಯಮ ಹೇಳುತ್ತದೆ. ಪಾಲನಾ ಮಂಡಳಿಯ ಸದಸ್ಯರು ಗೇಟಿನಲ್ಲಿ ನಿಂತು ತೀರ್ಮಾನಿಸುವ ವಿಷಯ ಇದಲ್ಲ. ಬಾಕಿ ಚಂದಾ ಇರುವ ಶವವನ್ನು ಕಾಯಿಸುವುದಂತೂ ಯಾವ ನಿಯಮದಲ್ಲೂ ಇಲ್ಲ.

ಇದರ ಇನ್ನೊಂದು ಬದಿ: ನನಗೆ ಪಾದ್ರಿ ಬೇಡ, ಪ್ರಾರ್ಥನೆ ಬೇಡ ಎಂದು ಸ್ಪಷ್ಟವಾಗಿ ಹೇಳಿ ಸತ್ತವರು. ಅವರ ಬಾಯಿ ಮುಚ್ಚಿದ ಮೇಲೆ ನಾವು ಪೂರ್ಣ ವಿಧಿಯಲ್ಲಿ ಮಣ್ಣು ಮಾಡಿ, ಕೊನೆಗೂ ಮರಳಿದರು ಎಂದು ಪ್ರಸಂಗ ಮಾಡುತ್ತೇವೆ. ಇದು ಸತ್ತವರ ಮೇಲೆ ಹೇಳುವ ಸುಳ್ಳು. ಅವರ ಮಾತನ್ನು ಉಳಿಸಿ. ಮನೆಯವರಿಗೆ ಸಾಂತ್ವನ ಬೇಕು, ಅದಕ್ಕೆ ದಾರಿಯಿದೆ: ಕಥೋಲಿಕ ಗುರುಗಳು ಬದುಕಿದ್ದವರಿಗಾಗಲಿ ಸತ್ತವರಿಗಾಗಲಿ, ಯಾರ ಹೆಸರಿನಲ್ಲೂ ಬಲಿಪೂಜೆ ಅರ್ಪಿಸಬಹುದು ಎಂದು 901ನೇ ನಿಯಮ ಹೇಳುತ್ತದೆ. ಅಂತ್ಯಸಂಸ್ಕಾರದ ವಿಧಿ ಬೇರೆ, ಇದು ಬೇರೆ. ತಾಯಿ ಮಗನಿಗಾಗಿ ಪ್ರಾರ್ಥಿಸುವುದನ್ನು ಮಗನ ನಾಸ್ತಿಕತೆಯೂ ತಡೆಯಲಾರದು.

ದೇಹದಾನ ಬಯಸುವವರು ಈಗ ಹೆಚ್ಚುತ್ತಿದ್ದಾರೆ, ನಂಬುವವರಲ್ಲೂ. ಪುನರುತ್ಥಾನಕ್ಕೆ ಅಡ್ಡಿಯೆಂದು ಯಾರಾದರೂ ತಡೆದರೆ ತಿದ್ದಿ. ಕಥೋಲಿಕ ಧರ್ಮಸಭೆ ಅಂಗದಾನವನ್ನು ಹೊಗಳುತ್ತದೆ, ಸುಡುವುದನ್ನೂ 1963ರಿಂದ ಒಪ್ಪಿದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಂಥ, ನಾವೇ ನಡೆಸುವ ವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗಗಳಿಗೂ ದೇಹ ಬೇಕು. ಆದರೆ ಫಾರಂ ತುಂಬಿದರೆ ಮುಗಿಯುವುದಿಲ್ಲ. ಸತ್ತ ಮೇಲೆ ಫೋನು ಮಾಡಬೇಕಾದವರು ಮನೆಯವರು, ಅವರು ಒಪ್ಪದಿದ್ದರೆ ಆ ಫಾರಂ ಕಾಗದವಾಗಿ ಉಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ತಿಳಿಸಬೇಕು, ವೈದ್ಯರ ಮರಣ ಪ್ರಮಾಣಪತ್ರ ಕೈಯಲ್ಲಿರಬೇಕು. ಕಣ್ಣುಗಳನ್ನು 6 ಗಂಟೆಯೊಳಗೆ ತೆಗೆಯಬೇಕು. ಅಪಘಾತ, ಆತ್ಮಹತ್ಯೆಯಂಥ ಪೊಲೀಸ್ ಪ್ರಕರಣವಾಗಿ ಮರಣೋತ್ತರ ಪರೀಕ್ಷೆ ನಡೆದ ದೇಹವನ್ನು, ಕೆಲವು ಸೋಂಕುಗಳಿದ್ದ ದೇಹವನ್ನು ಕಾಲೇಜುಗಳು ಸ್ವೀಕರಿಸುವುದಿಲ್ಲ. ಹಾಗಾದರೆ ಮುಂದೇನು ಎಂಬುದನ್ನೂ ಬರೆದಿಡಬೇಕು. ಈ ಇಚ್ಛೆಯನ್ನು ಉಯಿಲಿನೊಳಗೆ ಮಾತ್ರ ಬರೆದಿಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಉಯಿಲು ತೆರೆಯುವುದು ಮಣ್ಣಾದ ಮೇಲೆ. ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ನಂಬಿಕಸ್ಥರೊಬ್ಬರಲ್ಲಿ ಇರಲಿ. ಇನ್ನೊಂದನ್ನು ನಿಮ್ಮ ಕಚೇರಿಯ ಫೈಲಿನಲ್ಲಿ ಇಟ್ಟುಕೊಳ್ಳುವಷ್ಟು ದೊಡ್ಡ ಮನಸ್ಸು ನೀವು ಮಾಡಬೇಕು.

ಪವಾಡಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ನಮ್ಮ ಯುವಜನ ನಮ್ಮ ಪ್ರಾಮಾಣಿಕತೆಯನ್ನು ಅಳೆಯುವುದು ಅಲ್ಲಿ. 2012ರಲ್ಲಿ ಮುಂಬೈಯ ಇರ್ಲಾದ ವೇಳಾಂಕಣಿ ಮಾತೆಯ ಚರ್ಚಿನ ಬಳಿ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕಿತು. ಜನ ಅದನ್ನು ಹಿಡಿದು ಮನೆಗೊಯ್ದರು, ಕೆಲವರು ಕುಡಿದರು. ವಿಚಾರವಾದಿ ಸನಾಲ್ ಇಡಮರುಕು ಹೋಗಿ ನೋಡಿ, ಹಿಂದಿನ ಕೊಳವೆ ಕಟ್ಟಿಕೊಂಡು, ಅದರ ನೀರು ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರಿ ಬರುತ್ತಿದೆ ಎಂದರು. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಅದೇ ಕ್ರಿಯೆ. ಅವರ ಮಾತಿನಲ್ಲಿ ಒರಟುತನ ಇದ್ದಿರಬಹುದು. ಆದರೆ ಉತ್ತರವಾಗಿ ಬಂದದ್ದು ಧಾರ್ಮಿಕ ಭಾವನೆಗೆ ಧಕ್ಕೆ ತಂದರೆಂದು ಅಂದಿನ ದಂಡಸಂಹಿತೆಯ 295ಎ ಕಲಮಿನಡಿ ಪೊಲೀಸ್ ದೂರುಗಳು. ಅವರು ಅದೇ ವರ್ಷ ಫಿನ್‌ಲೆಂಡಿಗೆ ಹೋದರು. ಜನ ಕುಡಿಯುತ್ತಿದ್ದ ನೀರು ಕೊಳಕು ಎಂದು ಹೇಳಿದವನನ್ನು ಜೈಲಿನ ಭಯದಲ್ಲಿ ದೇಶ ಬಿಡುವಂತೆ ಮಾಡಿದ್ದು ಕ್ರಿಸ್ತನ ಹೆಸರಿಗೆ ಬಂದ ಗೌರವವೇ?

ನಮ್ಮದೇ ಪರಂಪರೆಯಲ್ಲಿ ಇದಕ್ಕಿಂತ ಒಳ್ಳೆಯ ದಾರಿಯಿದೆ. ಫ್ರಾನ್ಸಿನ ಯಾತ್ರಾಸ್ಥಳ ಲೂರ್ದಿನಲ್ಲಿ 1883ರಿಂದ ವೈದ್ಯಕೀಯ ಪರಿಶೀಲನಾ ಕಚೇರಿ ಇದೆ. ಯಾವ ಧರ್ಮದ ವೈದ್ಯರಾದರೂ, ಧರ್ಮವೇ ಇಲ್ಲದ ವೈದ್ಯರಾದರೂ ಅಲ್ಲಿ ಪರಿಶೀಲನೆಗೆ ಕೂರಬಹುದು. ವರದಿಯಾದ ವಾಸಿಗಳು 7,000ಕ್ಕೂ ಮೇಲೆ. ಧರ್ಮಸಭೆ ಪವಾಡವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು ಮಾತ್ರ. 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಹೊರಡಿಸಿದ ಹೊಸ ನಿಯಮಗಳೂ, ಅಲೌಕಿಕ ಎಂದು ಘೋಷಿಸಲು ಅವಸರ ಬೇಡ, ಬಿಷಪರು ಮೊದಲು ಪರಿಶೀಲಿಸಲಿ ಎನ್ನುತ್ತವೆ. ಆದ್ದರಿಂದ ಪ್ರತಿಮೆಯಲ್ಲಿ ನೀರು ಕಂಡರೆ ಮೊದಲು ಪ್ಲಂಬರನ್ನು ಕರೆಸಿ, ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ವರದಿ ಬರುವವರೆಗೆ ಕುಡಿಯಬೇಡಿ ಎಂದು ಬೋರ್ಡು ಹಾಕಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ ನಾಡು ಇದು. ಪ್ರಶ್ನೆ ಕೇಳುವವರನ್ನು ಕಂಡರೆ ಹೆದರುವ ಅಗತ್ಯ ನಮಗಿಲ್ಲ.

ಸರ್ಕಾರಿ ಕಾಗದಗಳ ವಿಷಯ ಚಿಕ್ಕದಾಗಿ. ನ್ಯಾಯಾಲಯದಲ್ಲಿ ದೇವರ ಹೆಸರಿನಲ್ಲಿ ಆಣೆ ಮಾಡಲು ಇಷ್ಟವಿಲ್ಲದವರು ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ ಎನ್ನಬಹುದು. 1969ರ ಪ್ರಮಾಣ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಈ ಅವಕಾಶಕ್ಕಾಗಿ ಇಂಗ್ಲೆಂಡಿನಲ್ಲಿ ಮೊದಲು ಹೋರಾಡಿ 1695ರ ಹೊತ್ತಿಗೆ ಪಡೆದವರು ಕ್ವೇಕರ್ ಕ್ರೈಸ್ತರು, ಆಣೆಯಿಡಲೇ ಬೇಡಿ ಎಂಬ ಯೇಸುಸ್ವಾಮಿಯ ಮಾತಿಗೆ ಕಟ್ಟುಬಿದ್ದು. ನಾಸ್ತಿಕರು ಅದೇ ದಾರಿಯಲ್ಲಿ ಆಮೇಲೆ ಬಂದರು. 1949ರ ಅಕ್ಟೋಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ನಮ್ಮ ಸಂವಿಧಾನದ ಪೀಠಿಕೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು ತಿದ್ದುಪಡಿ ತಂದಾಗ ಸಂವಿಧಾನ ಸಭೆ 41ಕ್ಕೆ 68 ಮತಗಳಿಂದ ಅದನ್ನು ಕೈಬಿಟ್ಟಿತು. ವಿಶ್ವಾಸಿಯಾದ ನನಗೆ ಅದರಿಂದ ಏನೂ ನಷ್ಟವಾಗಿಲ್ಲ.

ಯಾವ ಧರ್ಮಕ್ಕೂ ಸೇರಿಲ್ಲ ಎಂದು ಸರ್ಕಾರಕ್ಕೆ ಹೇಳುವ ಹಕ್ಕನ್ನು ಬಾಂಬೆ ಹೈಕೋರ್ಟ್ 2014ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿಯಿತು. ಆ ಅರ್ಜಿ ಹಾಕಿದವರು ನಾಸ್ತಿಕರಲ್ಲ, ಕ್ರಿಸ್ತನನ್ನು ನಂಬುವ, ಆದರೆ ಯಾವ ಧರ್ಮದ ಹೆಸರೂ ಬೇಡವೆಂದ ಜನ. ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ಮುಂದೆ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾದರು. 2011ರ ಜನಗಣತಿಯಲ್ಲಿ ನಾಸ್ತಿಕ ಎಂದೇ ಬರೆಸಿದವರು ಇಡೀ ದೇಶದಲ್ಲಿ ಸುಮಾರು 33 ಸಾವಿರ, ಧರ್ಮ ತಿಳಿಸದವರು ಸುಮಾರು 28.7 ಲಕ್ಷ, ಕರ್ನಾಟಕದ ಕ್ರೈಸ್ತರು 11.4 ಲಕ್ಷದಷ್ಟು. 2027ರ ಗಣತಿಗೆ ಮುನ್ನ, ಮನೆಯವರೆಲ್ಲ ಕ್ರೈಸ್ತ ಎಂದೇ ಬರೆಸಿ ಎಂದು ವೇದಿಕೆಯಿಂದ ಆದೇಶ ಕೊಡಬೇಡಿ. ಗಣತಿದಾರರು ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳಬೇಕು, ಮನೆಯ ಒಬ್ಬೊಬ್ಬರ ಉತ್ತರವೂ ಬೇರೆಯಾಗಿರಬಹುದು. ಸುಳ್ಳಿಗೆ ತಳ್ಳುವುದರಲ್ಲಿ ಸರ್ಕಾರವೂ ಹಿಂದೆ ಬಿದ್ದಿಲ್ಲ: 1950ರ ಆದೇಶ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಕೊಡುವುದಿಲ್ಲವಾದ್ದರಿಂದ ನಂಬಿದವರೇ ಕಾಗದದಲ್ಲಿ ನಂಬದವರಾಗಿ ಬದುಕುತ್ತಿದ್ದಾರೆ. ಆ ಅನ್ಯಾಯದ ವಿರುದ್ಧ ನಾವು ಮಾತನಾಡುವಾಗ ನಮ್ಮ ಮನೆಯ ಅನ್ಯಾಯವನ್ನೂ ಸರಿಪಡಿಸಿಕೊಂಡಿರಬೇಕು.

ನಂಬದ ಸಹೋದರ ಸಹೋದರಿಯರೇ, ಈ ಪತ್ರ ನೀವೂ ಓದುತ್ತೀರಿ. ನಿಮ್ಮಲ್ಲೂ ಒಂದು ಕೋರಿಕೆ. ಸಂಜೆ ಮನೆಯಲ್ಲಿ ಜಪಸರ ನಡೆಯುವಾಗ ನೀವು ಮಣಿ ಹಿಡಿಯಬೇಕಿಲ್ಲ, ಆದರೆ ಟಿವಿಯ ಸದ್ದು ತಗ್ಗಿಸಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ನಮ್ಮ ತೆನೆಹಬ್ಬಕ್ಕೆ, ಊರಿಗೆ ಬನ್ನಿ. ಹೊಸ ಭತ್ತದ ಕಾಳನ್ನು ಹಾಲಿಗೆ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುವಾಗ ಕೈ ಚಾಚಿ. ಆ ಊಟ ನಿಮ್ಮ ಮನೆತನದ್ದೂ ಹೌದು, ಅದಕ್ಕೆ ವಿಶ್ವಾಸಪ್ರಮಾಣ ಹೇಳಬೇಕಿಲ್ಲ. ಆದರೆ ಪರಮಪ್ರಸಾದದ ಸಾಲಿಗೆ ಮಾತ್ರ ಯಾರ ಸಮಾಧಾನಕ್ಕೂ ಬರಬೇಡಿ. ಬೆಂಚಿನಲ್ಲೇ ಕೂತಿರಿ. ನೀವು ಕೂತದ್ದನ್ನು ಕಂಡು ಪಿಸುಗುಟ್ಟುವವರನ್ನು ಸುಮ್ಮನಾಗಿಸುವುದು ಗುರುಗಳ ಕೆಲಸ.

ಮಾನ್ಯರೇ, ಹೊಸ ಶಾಲಾ ವರ್ಷದ ಧರ್ಮೋಪದೇಶ ತರಗತಿಗಳಿಗೆ ಮುನ್ನ ನೀವು ಮಾಡಬಹುದಾದದ್ದು ಇಷ್ಟು. ದೃಢೀಕರಣದ ಮಾತುಕತೆಯನ್ನು ಬಿಷಪರ ದಿನಾಂಕಕ್ಕೆ ಎರಡು ತಿಂಗಳು ಮುಂಚಿತವಾಗಿ ವೇಳಾಪಟ್ಟಿಯಲ್ಲಿ ಹಾಕಿ. ಸದಸ್ಯತ್ವ ಪತ್ರದ ನಮೂನೆಯಿಂದ ಹಾಜರಿಯ ಸಾಲನ್ನು ತೆಗೆಯಿರಿ. ಮದುವೆಯ ತಯಾರಿ ಶಿಬಿರದಲ್ಲಿ 1071, 1125 ಮತ್ತು 1161ನೇ ನಿಯಮಗಳಿಗೆ ಅರ್ಧ ಗಂಟೆ ಕೊಡಿ, ವಿಶೇಷ ವಿವಾಹ ಕಾಯ್ದೆ ಗೊತ್ತಿರುವ ವಕೀಲರೊಬ್ಬರನ್ನು ಕರೆಸಿ. ಸಿ.ಎಸ್.ಐ., ಮೆಥೊಡಿಸ್ಟ್ ಮತ್ತಿತರ ಸಭೆಗಳವರು ತಮ್ಮ ತಮ್ಮ ವಿಧಿಪುಸ್ತಕಗಳಲ್ಲಿ ಇದಕ್ಕೆ ಸಮನಾದ ಅವಕಾಶ ಎಲ್ಲೆಲ್ಲಿದೆ ಎಂದು ಹುಡುಕಿ, ಇಲ್ಲದಿದ್ದರೆ ಮುಂದಿನ ಡಯಾಸಿಸ್ ಕೌನ್ಸಿಲಿಗೆ ಲಿಖಿತವಾಗಿ ಕಳುಹಿಸಿ. ನಂಬದ ಮಗನೋ ಮಗಳೋ ಇರುವ ಮನೆಗೆ ಈ ತಿಂಗಳು ಒಮ್ಮೆ ಹೋಗಿ ಬನ್ನಿ. ಆ ಭೇಟಿಯಲ್ಲಿ ಅವರನ್ನು ಪೂಜೆಗೆ ಕರೆಯಬೇಡಿ, ಅವರು ಹೇಳುವುದನ್ನು ಪೂರ್ತಿ ಕೇಳಿ ಬನ್ನಿ.

ಕ್ರಿಸ್ತನಲ್ಲಿ ನಿಮ್ಮ,
ಸಭೆಯ ಒಬ್ಬ ವಿಶ್ವಾಸಿ